ರಿಪೇರಿ ಆದಮೇಲೆ ಹೀಟ್ ಆಗುವ ಹಳೇ ಪಿಕಪ್: ಕೂಲಿಂಗ್ ಟೆಸ್ಟ್ ಕಿಟ್ ಎಷ್ಟು ಕೆಲಸಕ್ಕೆ ಬಂತು

ಕಿಟ್‌ನಲ್ಲಿ ಬಂದದ್ದು ನಾಲ್ಕು ಸಾಮಾನು. ಕೈಪಂಪ್ ಇರುವ ಪ್ರೆಶರ್ ಟೆಸ್ಟರ್, ಜೊತೆಗೆ ಬೇರೆ ಬೇರೆ ಅಳತೆಯ ಅಡಾಪ್ಟರ್‌ಗಳು. ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಆಲಿಕೆ. ನೀಲಿ ದ್ರವ ಹಾಕಿ ನೋಡುವ ಬ್ಲಾಕ್ ಟೆಸ್ಟರ್. ಕೊನೆಗೆ ಮುಟ್ಟದೆಯೇ ಬಿಸಿ ಅಳೆಯುವ, ಗನ್ ಆಕಾರದ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್. ಇವುಗಳಲ್ಲಿ ಯಾವುದೂ ಗಾಡಿಯನ್ನು ರಿಪೇರಿ ಮಾಡುವುದಿಲ್ಲ. ತೊಂದರೆ ಎಲ್ಲಿಲ್ಲ ಅನ್ನುವುದನ್ನು ಒಂದೊಂದಾಗಿ ಹೇಳುತ್ತವೆ, ಕೊನೆಗೆ ಉಳಿದದ್ದನ್ನು ನಾವು ಬಿಚ್ಚಿ ನೋಡಬೇಕು. ನನಗೆ ಬೇಕಾಗಿದ್ದದ್ದೂ ಅದೇ.

ಗಾಡಿಯ ಸ್ಥಿತಿ ಹೀಗಿತ್ತು. ಪೆಟ್ರೋಲ್ ಎಂಜಿನ್, ಬೆಲ್ಟಿನಿಂದ ತಿರುಗುವ ಫ್ಯಾನ್, ವಯಸ್ಸಾದ ಪಿಕಪ್. ವಾಟರ್ ಪಂಪ್ ಸೋರುತ್ತಿದೆ ಅಂತ ಗ್ಯಾರೇಜಿಗೆ ಬಿಟ್ಟಿದ್ದೆ. ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್, ಹೋಸ್‌ಗಳು, ಮುಚ್ಚಳ, ಎಲ್ಲಾ ಹೊಸದು ಹಾಕಿ ಕೊಟ್ಟರು. ಸೋರುವುದು ನಿಂತಿತು. ಆದರೆ ಮುಂಚೆ ಎಂದೂ ಹೀಟ್ ಆಗದ ಗಾಡಿ ಈಗ ಹೀಟ್ ಆಗತೊಡಗಿತು. ನಿಂತಲ್ಲಿ ಐಡಲ್ ಬಿಟ್ಟರೆ ಪರವಾಗಿಲ್ಲ, ಲೋಡ್ ಹಾಕಿ ಏರು ಹತ್ತಿಸಿದರೆ ಅಥವಾ ಸ್ವಲ್ಪ ಹೊತ್ತು ಜೋರಾಗಿ ಓಡಿಸಿದರೆ ಮುಳ್ಳು ಕೆಂಪು ಗೆರೆ ಕಡೆಗೆ ಹೊರಡುತ್ತದೆ. ವಾಪಸ್ ತೆಗೆದುಕೊಂಡು ಹೋದರೆ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸಲೇಬೇಕು" ಅಂದರು. (ಹೆಡ್ ಅಂದರೆ ಎಂಜಿನ್‌ನ ಮೇಲ್ಭಾಗ, ಅದಕ್ಕೂ ಕೆಳಗಿನ ಬ್ಲಾಕ್‌ಗೂ ನಡುವಿನ ಸೀಲ್ ಈ ಗ್ಯಾಸ್ಕೆಟ್.) ಏನನ್ನೂ ಅಳೆದು ಹೇಳಿದ ಮಾತಲ್ಲ, ಬಾನೆಟ್ ಎತ್ತಿ ನೋಡಿ ಹೇಳಿದ್ದು. ಇರಬಹುದು, ಇಲ್ಲದೆಯೂ ಇರಬಹುದು. ಆದರೆ ರಿಪೇರಿಗೆ ಮುಂಚೆ ಇಲ್ಲದ ತೊಂದರೆ ರಿಪೇರಿ ಆದ ಕೂಡಲೇ ಶುರುವಾದರೆ, ಮೊದಲು ನೋಡಬೇಕಾದದ್ದು ಕೈ ಹಾಕಿದ ಜಾಗಗಳನ್ನೇ ಅಲ್ವಾ? ಆ ಲೆಕ್ಕದಲ್ಲೇ ಒಂದೊಂದು ಸಾಮಾನನ್ನೂ ಬಳಸಿದೆ.

ಆಲಿಕೆಯಿಂದ ಶುರು ಮಾಡಿದೆ. ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಇಳಿಸಿ ಮತ್ತೆ ತುಂಬಿದ ಮೇಲೆ ಹೀಟ್ ಆಗುವ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಒಳಗೆ ಸಿಕ್ಕಿಕೊಂಡ ಗಾಳಿ. ಎಂಜಿನ್ ಬಿಸಿ ಆದಮೇಲೆ ಮಾತ್ರ ರೇಡಿಯೇಟರ್ ಕಡೆಗೆ ದಾರಿ ತೆರೆಯುವ ಥರ್ಮೋಸ್ಟಾಟ್ ಮುಚ್ಚಿಕೊಂಡಿರುವಾಗ ಮೇಲಿನಿಂದ ಸುರಿದ ಕೂಲಂಟ್ ರೇಡಿಯೇಟರ್‌ನಲ್ಲೇ ನಿಲ್ಲುತ್ತದೆ, ಎಂಜಿನ್ ಒಳಗಿನ ಗಾಳಿಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಆ ಗಾಳಿ ಹೆಡ್‌ನ ಮೇಲ್ಭಾಗದಲ್ಲೋ ಹೀಟರ್ ಪೈಪಿನಲ್ಲೋ ಕೂತುಬಿಡುತ್ತದೆ. ಮುಳ್ಳು ಮೇಲೆ ಹೋಗಿ, ದಿಢೀರ್ ಅಂತ ಕೆಳಗೆ ಬಂದು, ಮತ್ತೆ ಮೇಲೆ ಹೋದರೆ ಗಾಳಿಯ ಮೇಲೆ ಅನುಮಾನ ಪಡಿ. ಎಂಜಿನ್ ಕುದಿಯುವಷ್ಟು ಬಿಸಿ ಇದ್ದರೂ ಕ್ಯಾಬಿನ್ ಹೀಟರ್ ತಣ್ಣಗಿನ ಗಾಳಿ ಬಿಡುತ್ತಿದ್ದರೆ ಒಂದೋ ಕೂಲಂಟ್ ಕಡಿಮೆ ಇದೆ, ಇಲ್ಲ ಗಾಳಿ ಕಟ್ಟಿಕೊಂಡಿದೆ.

ಈ ಆಲಿಕೆಯ ಉಪಯೋಗ ಇಷ್ಟೇ: ರೇಡಿಯೇಟರ್ ಬಾಯಿಗೆ ಸೀಲ್ ಆಗಿ ಕೂರುವುದರಿಂದ ಕೂಲಂಟಿನ ಮಟ್ಟವನ್ನು ಇಡೀ ಎಂಜಿನ್‌ಗಿಂತ ಎತ್ತರದಲ್ಲಿ ಇಡಬಹುದು. ಗಾಡಿ ತಣ್ಣಗಿರುವಾಗ ಮುಂಭಾಗ ಸ್ವಲ್ಪ ಎತ್ತರ ಆಗುವ ಹಾಗೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಆಲಿಕೆಯಲ್ಲಿ ಅರ್ಧ ಕೂಲಂಟ್ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ ಬಿಟ್ಟುಬಿಡಿ. ಥರ್ಮೋಸ್ಟಾಟ್ ತೆರೆಯುವವರೆಗೆ ಏನೂ ಆಗುವುದಿಲ್ಲ. ತೆರೆದ ಕೂಡಲೇ ಗುಳುಗುಳು ಅಂತ ಗುಳ್ಳೆಗಳು ಬರುತ್ತವೆ, ಮಟ್ಟ ಇಳಿಯುತ್ತದೆ. ಮೇಲಿನ ಹೋಸನ್ನು ಬಟ್ಟೆ ಸುತ್ತಿಕೊಂಡು ಆಗಾಗ ಹಿಸುಕಿ. ಗುಳ್ಳೆ ನಿಲ್ಲುವವರೆಗೆ ತಾಳ್ಮೆ ಬೇಕು. ಕೆಲವು ಎಂಜಿನ್‌ಗಳಲ್ಲಿ ಗಾಳಿ ಬಿಡುವುದಕ್ಕೇ ಒಂದು ಸ್ಕ್ರೂ ಇರುತ್ತದೆ, ಇದ್ದರೆ ಅದನ್ನು ಬಿಚ್ಚದೆ ಆಲಿಕೆ ಒಂದನ್ನೇ ನಂಬಬೇಡಿ. ಥರ್ಮೋಸ್ಟಾಟ್‌ನಲ್ಲಿ ಸಣ್ಣ ತೂತೋ ಅಲುಗಾಡುವ ಪಿನ್ನೋ ಇದ್ದರೆ ಅದು ಮೇಲ್ಗಡೆಗೆ ಬರುವ ಹಾಗೆ ಕೂರಿಸಿರಬೇಕು, ಗಾಳಿ ಪಾರಾಗುವುದು ಅಲ್ಲಿಂದಲೇ.

ನನ್ನ ಗಾಡಿಯಲ್ಲಿ ಒಂದಿಷ್ಟು ಗಾಳಿ ಬಂತು ನಿಜ. ಆದರೆ ಆಮೇಲೂ ಏರಿನಲ್ಲಿ ಹೀಟ್ ಆಯಿತು. ಆದರೂ ಆಲಿಕೆ ಇನ್ನೊಂದು ವಿಷಯ ತೋರಿಸಿತು, ಅದನ್ನು ಆಮೇಲೆ ಹೇಳುತ್ತೇನೆ. ಸಾಮಾನಿನ ಗುಣಮಟ್ಟ ಚೆನ್ನಾಗಿದೆ. ಅಡಾಪ್ಟರ್‌ನ ರಬ್ಬರ್ ಮೆತ್ತಗಿದೆ, ಒಂದು ಹನಿಯೂ ಸೋರಲಿಲ್ಲ. ಕೆಲಸ ಮುಗಿದ ಮೇಲೆ ಉಳಿದ ಕೂಲಂಟ್ ಚೆಲ್ಲದ ಹಾಗೆ ತಡೆಯುವ ಕೋಲಿನಂಥ ಬಿರಡೆಯೂ ಇದೆ. ಕೂಲಂಟ್ ನೆಲಕ್ಕೆ ಚೆಲ್ಲಿದರೆ ನೀರು ಹಾಕಿ ಒರೆಸಿಬಿಡಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಅದು ವಿಷ.

ಎರಡನೆಯದು ಪ್ರೆಶರ್ ಟೆಸ್ಟರ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಇದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡಕ್ಕೆ ಪಂಪ್ ಮಾಡಬೇಕು. ಅದಕ್ಕಿಂತ ಜಾಸ್ತಿ ಬೇಡ, ಕ್ಯಾಬಿನ್ ಬಿಸಿ ಮಾಡುವ ಹಳೇ ಹೀಟರ್ ಕೋರ್ ಒಡೆದರೆ ಹೊಸ ತಲೆನೋವು. ನನ್ನ ಮುಚ್ಚಳದ ಮೇಲೆ 15 ಪಿಎಸ್‌ಐ (ಒತ್ತಡದ ಅಳತೆ) ಅಂತ ಇತ್ತು. 15ಕ್ಕೆ ಏರಿಸಿ ಕಾದೆ, ಮುಳ್ಳು ಕದಲಲಿಲ್ಲ. ಅಂದರೆ ಹೊರಗಡೆ ಸೋರಿಕೆ ಇಲ್ಲ. ಒಂದು ವೇಳೆ ಒತ್ತಡ ಇಳಿಯುತ್ತಿದ್ದು ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಕ್ಯಾಬಿನ್ ಒಳಗೆ ಕಾಲಿನ ಮ್ಯಾಟ್ ಎತ್ತಿ ನೋಡಿ. ಅಲ್ಲೂ ಇಲ್ಲದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಯಾವುದಾದರೂ ಸಿಲಿಂಡರ್‌ಗೆ ಕೂಲಂಟ್ ಇಳಿಯುತ್ತಿದೆಯಾ ಅಂತ ನೋಡಬೇಕು.

ಈ ಟೆಸ್ಟರ್ ಕೊಂಡದ್ದು ಸಾರ್ಥಕ ಅನಿಸಿದ್ದು ಮುಚ್ಚಳ ಪರೀಕ್ಷೆ ಮಾಡಿದಾಗ. ಒಂದು ಅಡಾಪ್ಟರ್ ಮುಚ್ಚಳವನ್ನೇ ಪಂಪಿಗೆ ಸೇರಿಸಿ ಅದು ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡಲು ಬಿಡುತ್ತದೆ. ಹೊಚ್ಚ ಹೊಸ ಮುಚ್ಚಳ, ಮೇಲೆ 15 ಅಂತ ಅಚ್ಚು, ಆದರೆ 9ಕ್ಕೇ ಬಿಟ್ಟುಕೊಡುತ್ತಿತ್ತು! ಮುಚ್ಚಳ ಅಂದರೆ ಬರೀ ಮುಚ್ಚುವ ತಟ್ಟೆ ಅಂತ ಜನ ತಿಳಿದಿರುತ್ತಾರೆ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. 15 ಪಿಎಸ್‌ಐ ಒತ್ತಡದಲ್ಲಿ ಇಟ್ಟರೆ 129ರ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ಆ ಅಂತರವೇ ನಮ್ಮ ಗಾಡಿಯನ್ನು ಕಾಪಾಡುವುದು. ಮುಚ್ಚಳದಲ್ಲಿ ಇನ್ನೊಂದು ಸಣ್ಣ ವಾಲ್ವ್ ಕೂಡ ಇದೆ. ಎಂಜಿನ್ ತಣ್ಣಗಾಗುವಾಗ ಪಕ್ಕದ ಬಾಟಲಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳುವುದು ಅದರ ಕೆಲಸ. ಬಾಟಲಿ ತುಂಬಿ ತುಳುಕುತ್ತಿದ್ದು ರೇಡಿಯೇಟರ್ ಮಾತ್ರ ಖಾಲಿ ಆಗುತ್ತಿದ್ದರೆ ಈ ವಾಲ್ವನ್ನೂ ಅನುಮಾನಿಸಿ. ಮುಚ್ಚಳ ಬದಲಾಯಿಸಿದೆ. ಹೊರಗೆ ಉಕ್ಕುವುದು ನಿಂತಿತು, ಹೀಟ್ ಆಗುವುದು ನಿಲ್ಲಲಿಲ್ಲ.

ಟೆಸ್ಟರ್‌ನ ಬಗ್ಗೆ ಒಂದು ದೂರು: ಒತ್ತಡ ಇಲ್ಲದಾಗಲೂ ಮುಳ್ಳು ಸೊನ್ನೆಗೆ ಬರುವುದಿಲ್ಲ, 1ರ ಹತ್ತಿರ ನಿಲ್ಲುತ್ತದೆ. ಲೆಕ್ಕದಲ್ಲಿ ಕಳೆದುಕೊಂಡರೆ ಆಯಿತು, ಆದರೂ ಅಳೆಯುವ ಸಾಮಾನಿನಲ್ಲಿ ಇದು ಇರಬಾರದು. ಹೋಸ್ ಕೂಡ ಗಿಡ್ಡ, ಬಿರುಸು.

ಇನ್ನು ಬ್ಲಾಕ್ ಟೆಸ್ಟರ್. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಯಾರಾದರೂ ಹೇಳಿದರೆ ಹೆಡ್ ಇಳಿಸುವ ಮುಂಚೆ ಇದನ್ನು ಮಾಡಿಸಿ. ಸಿಲಿಂಡರ್‌ನಲ್ಲಿ ಉರಿದ ಗ್ಯಾಸ್ ಕೂಲಂಟ್‌ಗೆ ಸೇರುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್ ಈ ನೀಲಿ ದ್ರವವನ್ನು ಹಳದಿ ಮಾಡುತ್ತದೆ. ಕೆಲಸ ಸುಲಭ. ಎಂಜಿನ್ ಬಿಸಿಗೆ ಬಂದಿರಬೇಕು, ಥರ್ಮೋಸ್ಟಾಟ್ ತೆರೆದಿರಬೇಕು, ಕೂಲಂಟ್ ಮಟ್ಟ ಬಾಯಿಗಿಂತ ಸಾಕಷ್ಟು ಕೆಳಗಿರಬೇಕು. ಬಿಸಿಯಾಗಿ ಒತ್ತಡ ತುಂಬಿಕೊಂಡ ಮುಚ್ಚಳ ತೆರೆಯಬೇಡಿ, ಮುಖ ಸುಡುತ್ತದೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಮಟ್ಟ ಇಳಿಸಿಕೊಂಡು, ಟೆಸ್ಟರ್ ಇಟ್ಟು, ಆಮೇಲೆ ಎಂಜಿನ್ ಬಿಸಿ ಮಾಡಿ. ರಬ್ಬರ್ ಬುರುಡೆ ಹಿಸುಕುತ್ತಾ ರೇಡಿಯೇಟರ್ ಬಾಯಲ್ಲಿ ಕೂಲಂಟ್ ಮೇಲಿರುವ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯಬೇಕು. ಕೂಲಂಟ್ ಈ ನೀಲಿ ದ್ರವಕ್ಕೆ ಸೇರಿದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ, ಹೊಸ ದ್ರವ ಹಾಕಿ ಮತ್ತೆ ಮಾಡಿ. ದ್ರವ ಕೆಲಸ ಮಾಡುತ್ತಿದೆಯಾ ಅನ್ನುವ ಅನುಮಾನ ಬಂದರೆ ಸ್ವಲ್ಪ ದ್ರವ ಬೇರೆ ತೆಗೆದುಕೊಂಡು ಸೈಲೆನ್ಸರ್ ಬಾಯಿಯ ಹೊಗೆ ಎಳೆದು ನೋಡಿ, ಬಣ್ಣ ತಿರುಗಲೇಬೇಕು.

ನನ್ನದು ನೀಲಿಯಾಗಿಯೇ ಉಳಿಯಿತು. ಗಾಡಿಯನ್ನು ಏರಿನಲ್ಲಿ ಓಡಿಸಿ ಬಿಸಿ ಮಾಡಿ, ಒತ್ತಡ ಇಳಿಯಲು ಬಿಟ್ಟು, ಮತ್ತೆ ನೋಡಿದೆ. ಆಗಲೂ ನೀಲಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಳದಿ ಆದರೆ ಖಾತ್ರಿ, ನೀಲಿ ಉಳಿದರೆ ಅಷ್ಟು ಖಾತ್ರಿ ಅಲ್ಲ. ಲೋಡ್ ಬಿದ್ದಾಗ ಮಾತ್ರ ಬಿಟ್ಟುಕೊಳ್ಳುವ ಸಣ್ಣ ಬಿರುಕು ಐಡಲ್‌ನಲ್ಲಿ ಸಿಗದೆ ಹೋಗಬಹುದು. ಆದ್ದರಿಂದ ಬೇರೆ ಲಕ್ಷಣವನ್ನೂ ಜೊತೆಗಿಟ್ಟು ನೋಡಿ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ, ಇನ್ನೂ ಬೆಚ್ಚಗಾಗುವ ಮುಂಚೆಯೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದು ಗ್ಯಾಸ್‌ನ ಕೆಲಸ. ನನ್ನದರಲ್ಲಿ ಅದೂ ಇರಲಿಲ್ಲ, ಕೂಲಂಟ್ ಕಡಿಮೆ ಆಗುತ್ತಲೂ ಇರಲಿಲ್ಲ. ಹೆಡ್ ಇಳಿಸುವ ಮಾತು ಅಲ್ಲಿಗೆ ಬದಿಗಿಟ್ಟೆ. ನನ್ನ ಮಟ್ಟಿಗೆ ಇಡೀ ಕಿಟ್‌ನ ಬೆಲೆ ಈ ಒಂದು ಸಣ್ಣ ಗಾಜಿನ ನಳಿಗೆಯಲ್ಲೇ ವಸೂಲಾಯಿತು. ಡೀಸೆಲ್ ಗಾಡಿಯವರು ಗಮನಿಸಿ, ಡೀಸೆಲ್ ಹೊಗೆಯಲ್ಲಿ ಐಡಲ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ, ಬಣ್ಣ ಅಷ್ಟು ಸ್ಪಷ್ಟವಾಗಿ ತಿರುಗುವುದಿಲ್ಲ.

ಇನ್‌ಫ್ರಾರೆಡ್ ಥರ್ಮಾಮೀಟರ್ ಬಗ್ಗೆ ಮೊದಲು ನನಗೆ ಅಂಥ ನಂಬಿಕೆ ಇರಲಿಲ್ಲ. ಈಗಲೂ ಇದನ್ನು ಹೇಗೆ ಬೇಕಾದರೂ ಹಿಡಿದು ಓದುವವರನ್ನು ನಂಬುವುದಿಲ್ಲ. ಕೆಂಪು ಚುಕ್ಕಿ ಬಿದ್ದ ಜಾಗವನ್ನಷ್ಟೇ ಇದು ಅಳೆಯುತ್ತದೆ ಅನ್ನುವುದು ತಪ್ಪು. ಈ ಗನ್ 12:1 ಅಳತೆಯದು, ಅಂದರೆ 12 ಸೆಂಟಿಮೀಟರ್ ದೂರದಿಂದ 1 ಸೆಂಟಿಮೀಟರ್ ಅಗಲದ ಜಾಗವನ್ನು ಸರಾಸರಿ ಮಾಡಿ ಹೇಳುತ್ತದೆ. ದೂರ ಹೋದಷ್ಟೂ ಆ ಜಾಗ ಅಗಲ ಆಗುತ್ತದೆ. ಇನ್ನು ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಉಪಾಯ ಸುಲಭ. ಅಳೆಯುವ ಜಾಗಕ್ಕೆ ಕಪ್ಪು ಟೇಪ್ ಅಂಟಿಸಿ, ಹತ್ತಿರದಿಂದ ಅದರ ಮೇಲೆ ಹಿಡಿಯಿರಿ.

ಹಾಗೆ ಹಿಡಿದು ಮೊದಲು ಥರ್ಮೋಸ್ಟಾಟ್ ಮನೆಯ ಬಿಸಿ ನೋಡಿದೆ. ಡ್ಯಾಶ್‌ಬೋರ್ಡ್ ಮುಳ್ಳು ಸುಳ್ಳು ಹೇಳುತ್ತಿದೆಯಾ ಅನ್ನುವುದು ಮೊದಲು ತೀರ್ಮಾನ ಆಗಬೇಕು. ರಿಪೇರಿ ಆದಮೇಲೆ ಮುಳ್ಳೇ ಕೆಡುವುದೂ ಉಂಟು. ಎಂಜಿನ್ ಬಿಸಿಯನ್ನು ಮುಳ್ಳಿಗೆ ತಿಳಿಸುವ ಸೆಂಡರ್‌ನ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಹಾಕಿದರೆ ಅರ್ತ್ ಸರಿಯಾಗಿ ಸಿಗುವುದಿಲ್ಲ. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ ವಾಪಸ್ ಹಾಕದೆ ಬಿಟ್ಟಿರುತ್ತಾರೆ. ಇಲ್ಲ ಬೇರೆ ಮಾಡೆಲ್‌ನ ಸೆಂಡರ್ ಹಾಕಿರುತ್ತಾರೆ. ಇಂಥ ಗಾಡಿಗಳಲ್ಲಿ ಮುಳ್ಳು ಹೇಳುವುದೊಂದು, ಎಂಜಿನ್‌ನ ನಿಜವಾದ ಬಿಸಿ ಇನ್ನೊಂದು. ನನ್ನದರಲ್ಲಿ ಮುಳ್ಳು ನಿಜವನ್ನೇ ಹೇಳುತ್ತಿತ್ತು.

ಆಮೇಲೆ ಸಿಕ್ಕಿತು ಸುಳಿವು. ಗಾಡಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ಸುಮಾರು 2,500 ಆರ್‌ಪಿಎಂನಲ್ಲಿ ಹಿಡಿಸಿ, ರೇಡಿಯೇಟರ್‌ಗೆ ಕೂಲಂಟ್ ಬರುವ ಕಡೆ ಮತ್ತು ಹೊರಗೆ ಹೋಗುವ ಕಡೆ ಅಳೆದೆ. ಬರುವ ಕಡೆ 98 ಡಿಗ್ರಿ, ಹೋಗುವ ಕಡೆ 55. ನೋಡಿದ ಕೂಡಲೇ ಅನಿಸುವುದು ಏನು? ರೇಡಿಯೇಟರ್ ಎಷ್ಟು ಚೆನ್ನಾಗಿ ತಣ್ಣಗೆ ಮಾಡುತ್ತಿದೆ ಅಂತ. ಆದರೆ ಎಂಜಿನ್ ಕಾಯುತ್ತಲೇ ಇದೆ. ಅಂತರ ಇಷ್ಟು ದೊಡ್ಡದಿದ್ದರೆ ಕೂಲಂಟ್ ರೇಡಿಯೇಟರ್ ಒಳಗೆ ತೀರಾ ನಿಧಾನ ಹರಿಯುತ್ತಿದೆ ಅಂತ ಅರ್ಥ. ತಣ್ಣಗಾದ ಕೂಲಂಟ್ ಇದೆ, ಆದರೆ ಬೇಕಾದಷ್ಟು ಬೇಗ ಎಂಜಿನ್‌ಗೆ ತಲುಪುತ್ತಿಲ್ಲ. ಆಲಿಕೆ ತೋರಿಸಿತು ಅಂದೆನಲ್ಲ, ಅದು ಇದೇ. ಥರ್ಮೋಸ್ಟಾಟ್ ತೆರೆದ ಮೇಲೆ ಎಂಜಿನ್ ರೇಸ್ ಮಾಡಿದರೆ ರೇಡಿಯೇಟರ್ ಬಾಯಲ್ಲಿ ಕೂಲಂಟ್ ರಭಸವಾಗಿ ಓಡುವುದು ಕಾಣಬೇಕು, ಇಲ್ಲಿ ಸುಮ್ನೆ ತೆವಳುತ್ತಿತ್ತು.

ಹರಿವು ಕಡಿಮೆ ಆಗಲು ಕಾರಣಗಳು ಕೈ ಬೆರಳಲ್ಲಿ ಎಣಿಸುವಷ್ಟೇ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಅದರ ಮೈಮೇಲೆ ಅಲ್ಲಲ್ಲಿ ತಣ್ಣನೆ ಪಟ್ಟಿಗಳು ಸಿಗಬೇಕು. ಗನ್ ಹಿಡಿದು ಉದ್ದಕ್ಕೂ ನೋಡಿದರೆ ಒಂದೇ ಸಮನೆ ಇಳಿಯುತ್ತಾ ಹೋಗಿತ್ತು, ಪಟ್ಟಿ ಇಲ್ಲ. ಕೆಳಗಿನ ಹೋಸ್ ಪಂಪ್ ಎಳೆಯುವ ಕಡೆಯದು, ಮೆತ್ತಗಿದ್ದರೆ ರೇಸ್ ಮಾಡಿದಾಗ ಚಪ್ಪಟೆ ಆಗಿಬಿಡುತ್ತದೆ, ಅದಕ್ಕೇ ಕೆಲವದರ ಒಳಗೆ ಸ್ಪ್ರಿಂಗ್ ಇರುತ್ತದೆ. ಅದೂ ಗಟ್ಟಿಯಾಗಿಯೇ ಇತ್ತು. ಥರ್ಮೋಸ್ಟಾಟ್ ಬಿಚ್ಚಿ ನೀರಿನ ಪಾತ್ರೆಯಲ್ಲಿ ಕಾಯಿಸಿ ನೋಡಿದೆ. 82 ಅಂತ ಬರೆದದ್ದು 82ರ ಹತ್ತಿರವೇ ಬಾಯಿ ತೆರೆಯಿತು, ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರಿಸಿದರೆ ಪೂರ್ತಿ ತೆರೆಯಿತು. ಮೇಣ ಇರುವ ಭಾಗ ಎಂಜಿನ್ ಕಡೆಗೇ ಇತ್ತು, ತಿರುಗುಮುರುಗು ಹಾಕಿರಲಿಲ್ಲ.

ಇಲ್ಲೊಂದು ಅಡ್ಡ ಮಾತು. "ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಹೀಟ್ ಆಗಲ್ಲ" ಅನ್ನುವ ಸಲಹೆ ಕೊಡುವವರು ಯಾವತ್ತೂ ಸಿಗುತ್ತಾರೆ. ಕೇಳಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್‌ನ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿ ಕೂಲಂಟ್ ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ, ಇನ್ನೂ ಜಾಸ್ತಿ ಕಾಯುತ್ತದೆ. ಉಳಿದ ಎಂಜಿನ್‌ಗಳು ಬಿಸಿಗೆ ಬರದೆ ಪೆಟ್ರೋಲ್ ಕುಡಿಯುತ್ತವೆ. ಲೀಕ್ ಮುಚ್ಚುವ ಪುಡಿ, ದ್ರವಗಳೂ ಅಷ್ಟೇ, ಹೀಟರ್ ಕೋರ್‌ನ ಸಣ್ಣ ನಳಿಗೆಗಳನ್ನೂ ಜೊತೆಗೇ ಮುಚ್ಚಿಬಿಡುತ್ತವೆ.

ಉಳಿದದ್ದು ಪಂಪ್ ಒಂದೇ. ಹೊಸ ಪಂಪ್, ಸೋರುತ್ತಿಲ್ಲ, ಶಬ್ದ ಇಲ್ಲ. ಬಿಚ್ಚಿ, ಗ್ಯಾರೇಜಿನವರು ವಾಪಸ್ ಕೊಟ್ಟಿದ್ದ ಹಳೇ ಪಂಪಿನ ಪಕ್ಕ ಇಟ್ಟೆ. ಹೊರಗಿನಿಂದ ಒಂದೇ ಅಚ್ಚು. ಬೋಲ್ಟ್ ತೂತುಗಳು ಒಂದೇ, ಎತ್ತರ ಒಂದೇ. ಆದರೆ ಒಳಗೆ ಕೂಲಂಟ್ ತಳ್ಳುವ ಚಕ್ರದ (ಇಂಪೆಲ್ಲರ್) ರೆಕ್ಕೆಗಳು ಒಂದರಲ್ಲಿ ಒಂದು ಕಡೆಗೆ ಬಾಗಿವೆ, ಇನ್ನೊಂದರಲ್ಲಿ ಎದುರು ಕಡೆಗೆ!

ಕಾರಣ ಬೆಲ್ಟ್. ಹಳೇ ಕಾಲದ ವಿ-ಬೆಲ್ಟ್ ಎಂಜಿನ್‌ಗಳಲ್ಲಿ ಪಂಪ್ ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ತಿರುಗುವ ದಿಕ್ಕಿಗೇ ತಿರುಗುತ್ತದೆ. ಆಮೇಲೆ, 1980ರ ದಶಕದಲ್ಲೂ ಅದರ ನಂತರವೂ, ಒಂದೇ ಉದ್ದನೆ ಚಪ್ಪಟೆ ಬೆಲ್ಟ್ ಎಲ್ಲವನ್ನೂ ಸುತ್ತಿಕೊಂಡು ಹೋಗುವ ಪದ್ಧತಿ ಬಂತು. ಅಂಥ ಕೆಲವು ಎಂಜಿನ್‌ಗಳಲ್ಲಿ ಬೆಲ್ಟಿನ ನಯವಾದ ಬೆನ್ನು ಪಂಪ್ ಪುಲ್ಲಿಯನ್ನು ತಿರುಗಿಸುತ್ತದೆ, ಹಾಗಾಗಿ ಪಂಪ್ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಅದೇ ಎಂಜಿನ್ ಎರಡೂ ಬಗೆಯ ಬೆಲ್ಟಿನಲ್ಲಿ ಮಾರಾಟ ಆಗಿದ್ದರೆ ಎರಡು ಬಗೆಯ ಪಂಪ್‌ಗಳು ಸಿಗುತ್ತವೆ, ಎರಡೂ ಕೂರುತ್ತವೆ. ತಪ್ಪಾದದ್ದನ್ನು ಹಾಕಿದರೂ ಅಷ್ಟಿಷ್ಟು ಕೂಲಂಟ್ ಹರಿಯುತ್ತದೆ, ಅದಕ್ಕೇ ಐಡಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಲೋಡ್ ಬಿದ್ದಾಗ ಸಾಕಾಗುವುದಿಲ್ಲ. ಸರಿಯಾದ ಪಂಪ್ ಹಾಕಿ ಅದೇ ಜಾಗದಲ್ಲಿ ಅದೇ ಆರ್‌ಪಿಎಂನಲ್ಲಿ ಅಳೆದರೆ 90 ಮತ್ತು 78. ಏರಿನಲ್ಲಿ ಲೋಡ್ ಹಾಕಿ ಹೋದರೂ ಮುಳ್ಳು ಮಧ್ಯದಲ್ಲೇ ನಿಂತಿತು. ಎರಡು ಪಂಪ್‌ಗಳನ್ನೂ ತೆಗೆದುಕೊಂಡು ಹೋಗಿ ಗ್ಯಾರೇಜಿನವರ ಮುಂದೆ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ಹೆಡ್ ಗ್ಯಾಸ್ಕೆಟ್ ವಿಷಯ ಮತ್ತೆ ಎತ್ತಲಿಲ್ಲ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಕೇಳಿ ತೆಗೆದುಕೊಳ್ಳಿ, ಹೊಸದನ್ನು ಹೋಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ.

ಈ ಕಿಟ್ ಹೇಳಲಾಗದ್ದೂ ಇದೆ. ಗಾಡಿ ನಿಂತಾಗ, ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗಿ, ಓಡುವಾಗ ಸರಿಹೋದರೆ ತೊಂದರೆ ರೇಡಿಯೇಟರ್ ಮೂಲಕ ಹಾಯುವ ಹೊರಗಿನ ಗಾಳಿಯದು, ಕೂಲಂಟಿನದಲ್ಲ. ಬಿಸಿ ಏರಿದಾಗ ಫ್ಯಾನನ್ನು ಬಿಗಿ ಹಿಡಿದು ತಿರುಗಿಸುವ ಫ್ಯಾನ್ ಕ್ಲಚ್ ನೋಡಿ. ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ ಕೈಯಲ್ಲಿ ಫ್ಯಾನ್ ತಿರುಗಿಸಿದರೆ ಬಿಗಿ ಇರಬೇಕು, ಗಿರಗಿಟ್ಟಲೆಯ ಹಾಗೆ ಸುಮ್ನೆ ತಿರುಗಿದರೆ ಅದರೊಳಗಿನ ಸಿಲಿಕೋನ್ ದ್ರವ ಹೋಗಿದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನು ರಿಪೇರಿ ಹೊತ್ತಿನಲ್ಲಿ ತೆಗೆದು ವಾಪಸ್ ಹಾಕದೆ ಬಿಡುವುದು ತೀರಾ ಮಾಮೂಲು. ಎಲೆಕ್ಟ್ರಿಕ್ ಫ್ಯಾನ್ ಆಗಿದ್ದರೆ ವೈರ್ ಅದಲುಬದಲಾಗಿ ಗಾಳಿ ಎಳೆಯುವ ಬದಲು ತಳ್ಳುತ್ತಿರಬಹುದು, ಒಂದು ತೆಳು ಕಾಗದ ರೇಡಿಯೇಟರ್ ಮುಂದೆ ಹಿಡಿದರೆ ಗೊತ್ತಾಗುತ್ತದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ಮಧ್ಯೆ ಧೂಳು, ಕಸ ತುಂಬಿಕೊಂಡಿದ್ದರೆ ಹೊಸ ರೇಡಿಯೇಟರ್ ಏನು ಮಾಡೀತು? ಇಗ್ನಿಷನ್ ಟೈಮಿಂಗ್ ತಡವಾಗಿದ್ದರೂ, ಬ್ರೇಕ್ ಹಿಡಿದುಕೊಂಡಿದ್ದರೂ ಎಂಜಿನ್ ಕಾಯುತ್ತದೆ.

ಹೆಡ್ ಕೆಲಸ ಆದಮೇಲೆ ಹೀಟ್ ಆಗುವವರಿಗೆ ಮತ್ತೊಂದು. ಕೆಲವು ಗ್ಯಾಸ್ಕೆಟ್‌ಗಳ ಮೇಲೆ ಮುಂಭಾಗ ಯಾವುದು ಅಂತ ಗುರುತು ಇರುತ್ತದೆ. ತಿರುಗಿಸಿ ಹಾಕಿದರೂ ಕೂರುತ್ತವೆ, ಆದರೆ ಕೂಲಂಟ್ ಹೋಗುವ ತೂತುಗಳು ಮುಚ್ಚಿಹೋಗುತ್ತವೆ. ಬ್ಲಾಕ್ ಟೆಸ್ಟರ್ ಅದನ್ನು ಹಿಡಿಯುವುದಿಲ್ಲ, ಯಾಕೆಂದರೆ ಗ್ಯಾಸ್ ಎಲ್ಲೂ ಸೋರುತ್ತಿಲ್ಲ. ಆಗ ಗನ್ ಹಿಡಿದು ಹೆಡ್‌ನ ಮುಂದೆ ಹಿಂದೆ ಹೋಲಿಸಿ ನೋಡಬೇಕು.

ಕೊಳ್ಳುವವರಿಗೆ ನನ್ನ ಲೆಕ್ಕ ಹೀಗೆ. ಒಂದೇ ಒಂದು ಕೊಳ್ಳುವುದಾದರೆ ಆಲಿಕೆ, ಕೂಲಂಟ್ ಬದಲಾಯಿಸುವಾಗಲೆಲ್ಲ ಬೇಕಾಗುತ್ತದೆ. ಎರಡನೆಯದು ಬ್ಲಾಕ್ ಟೆಸ್ಟರ್. ಪ್ರೆಶರ್ ಟೆಸ್ಟರ್ ಬಿಡಿಯಾಗಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ, ಕಿಟ್‌ನದು ಸಾಧಾರಣ. ಕೊಳ್ಳುವ ಮುಂಚೆ ನಿಮ್ಮ ರೇಡಿಯೇಟರ್ ಬಾಯಿಯ ಅಳತೆಗೆ ಅಡಾಪ್ಟರ್ ಇದೆಯಾ ನೋಡಿ, ಎರಡು ಮೂರು ಅಳತೆಗಳು ಹೆಚ್ಚೂಕಮ್ಮಿ ಒಂದೇ ಥರ ಕಾಣುತ್ತವೆ, ಯಾವ ಬಣ್ಣದ ಅಡಾಪ್ಟರ್ ಯಾವ ಗಾಡಿಗೆ ಅಂತ ಕೊಟ್ಟಿರುವ ಪಟ್ಟಿಯಲ್ಲಿ ಹಳೇ ಗಾಡಿಗಳ ಹೆಸರೇ ಇಲ್ಲ. ಕಂಪ್ರೆಸರ್ ಇರುವವರು ವ್ಯಾಕ್ಯೂಮ್‌ನಿಂದ ಕೂಲಂಟ್ ತುಂಬುವ ಸಾಮಾನು ತೆಗೆದುಕೊಂಡರೆ ಗಾಳಿ ಕಟ್ಟುವ ಪ್ರಶ್ನೆಯೇ ಇಲ್ಲ, ಆದರೆ ಹಳೇ ಹೋಸ್‌ಗಳು ಆ ಎಳೆತಕ್ಕೆ ಚಪ್ಪಟೆ ಆಗುತ್ತವೆ, ನೋಡುವಾಗ ಗಾಬರಿ ಆಗಬೇಡಿ. ಪೆಟ್ಟಿಗೆಯ ಒಂದು ಕೊಕ್ಕೆ ಬಂದಾಗಲೇ ಮುರಿದಿತ್ತು, ಈಗ ಹಳೇ ಫ್ಯಾನ್ ಬೆಲ್ಟ್ ತುಂಡು ಸುತ್ತಿ ಇಟ್ಟಿದ್ದೇನೆ.